ಆಟದ ಕಂಪ್ಯೂಟರೂ ರಾಯಚೂರ ಬಿಸಿಲೂ

ಪ್ರತಿಯೊಂದು ನಾಡಿಗೂ ಪ್ರಕೃತಿಯ ಒಂದೊಂದು ಕೊಡುಗೆಯುಂಟು. ಮಲೆನಾಡಿಗೆ ಮಳೆ, ಕರಾವಳಿಗೆ ಕಡಲು. ಕೃಷ್ಣೆ ತುಂಗಭದ್ರೆಗಳ ನಡುವಿನ ನಮ್ಮ ಎಡೆದೊರೆ ನಾಡಿಗೆ ಬಿಸಿಲು. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿಯ ಉಷ್ಣಮಾನ 40 ಡಿಗ್ರಿಯನ್ನು ದಾಟುವುದು ಒಂದು ಸುದ್ದಿಯೇ ಅಲ್ಲ. ಇಂತಹ ನಾಡಿನಲ್ಲಿ ಕುಳಿತು, ಆಟವಾಡುವ ಕಂಪ್ಯೂಟರನ್ನು ತಂಪಾಗಿಯೂ ಸದ್ದಿಲ್ಲದೆಯೂ ಇಡುವುದು ಹೇಗೆಂದು ಬರೆಯಹೊರಟರೆ, "ಮನುಷ್ಯರಿಗೇ ತಂಪಿಲ್ಲದಲ್ಲಿ ಯಂತ್ರಕ್ಕೆಂತಹ ತಂಪು?" ಎಂದು ಹಿರಿಯರು ನಕ್ಕಾರು. ನಗಲಿ. ಆದರೆ ಮನುಷ್ಯರ ತಂಪೂ ಯಂತ್ರದ ತಂಪೂ ಒಂದಕ್ಕೊಂದು ಗಂಟುಬಿದ್ದಿವೆಯೆಂಬುದೇ ನನ್ನ ವಾದ. ದುಡ್ಡು ಕೊಟ್ಟು ತಂಪನ್ನು ತರುವ ಮೊದಲು ಬಿಸಿಯನ್ನು ಹುಟ್ಟುವಲ್ಲಿಯೇ ಕಡಿಮೆ ಮಾಡಬೇಕು. ಅದರಿಂದ ಯಂತ್ರಕ್ಕೂ ಹಿತ, ಮನೆಯವರಿಗೂ ಹಿತ.

ಮೊದಲು ಒಂದು ಆಕ್ಷೇಪಣೆಗೆ ಉತ್ತರ ಹೇಳಿಬಿಡುತ್ತೇನೆ. ಆಟದ ಕಂಪ್ಯೂಟರು ಶ್ರೀಮಂತರ ಮಕ್ಕಳ ವಿಲಾಸವೆಂದು ಹಲವರ ನಂಬಿಕೆ. ಇಂದು ಹಾಗಿಲ್ಲ. ಯರಗೇರಾದಂತಹ ಊರುಗಳಿಗೂ ಒಬ್ಬರು ಬಳಸಿ ಬಿಟ್ಟ ಬಿಡಿಭಾಗಗಳು ಬರುತ್ತವೆ. ನಮಗೆ ಬೆಂಗಳೂರಿಗಿಂತ ಹೈದರಾಬಾದು ಹತ್ತಿರ. ಆದುದರಿಂದ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನ ಅಂಗಡಿಗಳನ್ನು ಸುತ್ತಿ ತರುವವರುಂಟು. ನಮ್ಮ ಮನೆಯ ಯಂತ್ರವೂ ಹಾಗೆ ಬಂದದ್ದೇ. ಹತ್ತಿ ಬಿಡಿಸಲು ಹೋಗುವ ಅವ್ವನ ಕೂಲಿಯ ಒಂದು ಪಾಲು, ಅಣ್ಣನ ದುಡಿಮೆಯ ಒಂದು ಪಾಲು ಅದರಲ್ಲಿ ಸೇರಿದೆ. ಅಣ್ಣ ಹಗಲು ಅದರಲ್ಲಿ ಮದುವೆಯ ವಿಡಿಯೋಗಳನ್ನು ಜೋಡಿಸುತ್ತಾನೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ನನ್ನ ಟಿಪ್ಪಣಿಗಳೆಲ್ಲ ಅದರಲ್ಲಿಯೇ ಇವೆ. ರಾತ್ರಿ ಇಬ್ಬರೂ ಆಡುತ್ತೇವೆ. ಅದನ್ನು ಮುಚ್ಚಿಡುವ ಕಾರಣ ನನಗೆ ಕಾಣದು. ಆದರೆ ನಮ್ಮದು ಎರಡೇ ಖೋಲಿಗಳ ಮನೆ. ಯಂತ್ರವಿರುವ ಖೋಲಿಯಲ್ಲಿಯೇ ಅವ್ವ ಮಲಗುತ್ತಾಳೆ, ನಸುಕಿನಲ್ಲಿ ಏಳುತ್ತಾಳೆ. ಇಂತಹ ಮನೆಗಳಲ್ಲಿ ಫ್ಯಾನಿನ ಸದ್ದು ಶೋಕಿಯ ಪ್ರಶ್ನೆಯಲ್ಲ, ದುಡಿದು ಬಂದವರ ನಿದ್ದೆಯ ಪ್ರಶ್ನೆ.

ಈಗ ಬಿಸಿಯ ಮೂಲವನ್ನು ನೋಡೋಣ. ಕಂಪ್ಯೂಟರು ತಿಂದ ಕರೆಂಟು ಬಹುಮಟ್ಟಿಗೆ ಎಲ್ಲವೂ ಕೊನೆಗೆ ಬಿಸಿಯಾಗಿಯೇ ಹೊರಬೀಳುತ್ತದೆ. ಆಡುವಾಗ 300 ವ್ಯಾಟ್ ಎಳೆಯುವ ಯಂತ್ರವೆಂದರೆ ಖೋಲಿಯಲ್ಲಿ ಹೊತ್ತಿಸಿಟ್ಟ 300 ವ್ಯಾಟಿನ ಹೀಟರೇ ಸರಿ. ನಾಲ್ಕು ತಾಸು ಆಡಿದರೆ 1.2 ಯೂನಿಟ್ಟು ಕರೆಂಟು, ಅಷ್ಟೂ ಬಿಸಿ. 1985ರಲ್ಲಿ ಮೊದಲ ಘಟಕದಿಂದ ಆರಂಭವಾಗಿ ಎಂಟು ಘಟಕಗಳ 1720 ಮೆಗಾವ್ಯಾಟಿಗೆ ಬೆಳೆದ ಶಕ್ತಿನಗರದ ಕೇಂದ್ರದಲ್ಲಿ ಕಲ್ಲಿದ್ದಲು ಉರಿದು ವಿದ್ಯುತ್ತಾಗುವುದನ್ನು ನಾವೆಲ್ಲ ಬಲ್ಲೆವು. ಉರಿಯಿಂದ ಹುಟ್ಟಿದ್ದು ತಂತಿ ಹಿಡಿದು ಬಂದು ಮನೆಯಲ್ಲಿ ಮತ್ತೆ ಬಿಸಿಯಾಗುತ್ತದೆ. ಇದು ಹೊಸ ಕಷ್ಟವೂ ಅಲ್ಲ. 1946ರಲ್ಲಿ ಅಮೆರಿಕದಲ್ಲಿ ಲೋಕದ ಕಣ್ಣಿಗೆ ಬಿದ್ದ ಎನಿಯಾಕ್ ಎಂಬ ಗಣಕಯಂತ್ರದಲ್ಲಿ ಸುಮಾರು 18,000 ನಿರ್ವಾತ ನಳಿಕೆಗಳಿದ್ದವು. ಅದು ಸುಮಾರು 150 ಕಿಲೋವ್ಯಾಟ್ ನುಂಗುತ್ತಿತ್ತು. ಅದರ ಬಿಸಿಯನ್ನು ಹೊರಗಟ್ಟಲು ಗಾಳಿಯೂದುವ ದೊಡ್ಡ ಯಂತ್ರಗಳೇ ಬೇಕಾಗಿದ್ದವು.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ಮನಗಾಣಬೇಕು. ಕಂಪ್ಯೂಟರಿಗೆ ಹಾಕುವ ಫ್ಯಾನಾಗಲಿ, ನೀರು ಹರಿಸುವ ದುಬಾರಿ ಕೂಲರಾಗಲಿ ಬಿಸಿಯನ್ನು ಸಾಗಿಸುತ್ತವೆಯೇ ಹೊರತು ಇಲ್ಲವಾಗಿಸುವುದಿಲ್ಲ. ಯಂತ್ರವನ್ನು ಖೋಲಿಯ ಗಾಳಿಗಿಂತ ತಂಪು ಮಾಡುವುದು ಅವುಗಳಿಂದ ಆಗದು. 25 ಡಿಗ್ರಿಯ ಖೋಲಿಯಲ್ಲಿ 70ಕ್ಕೆ ನಿಲ್ಲುವ ಪ್ರೊಸೆಸರು, 40 ಡಿಗ್ರಿಯ ಖೋಲಿಯಲ್ಲಿ ಅದೇ ಕೆಲಸಕ್ಕೆ 85ರ ಆಸುಪಾಸಿಗೆ ಏರುತ್ತದೆ. ಚಳಿದೇಶದವರು ತಮ್ಮ ಕೋಣೆಗಳಲ್ಲಿ ಅಳೆದು ಹೇಳಿದ ಅಂಕಿಗಳನ್ನು ನಾವು ಹಾಗೆಯೇ ನಂಬಿ ಕೊಂಡರೆ, ಮೇ ತಿಂಗಳಲ್ಲಿ ನಿರಾಶೆ ತಪ್ಪಿದ್ದಲ್ಲ. ಹಾಗೆಂದು ಯಂತ್ರ ಸುಟ್ಟೀತೆಂದು ಅಂಜಬೇಕಾಗಿಲ್ಲ. ರೈಜನ್ 5 5600 ಎಂಬ ಪ್ರೊಸೆಸರಿಗೆ 90 ಡಿಗ್ರಿ, ಇಂಟೆಲ್‌ನ ಅನೇಕ ಪ್ರೊಸೆಸರುಗಳಿಗೆ 100 ಡಿಗ್ರಿ ಮೇಲಿನ ಮಿತಿ. ಮಿತಿ ಮುಟ್ಟಿದೊಡನೆ ಅವು ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ. ಆದರೆ ಅದಕ್ಕೆ ಮೊದಲೇ ಫ್ಯಾನುಗಳು ಅಬ್ಬರಿಸತೊಡಗುತ್ತವೆ. ಆಟವೂ ಕುಂಟುತ್ತದೆ, ನಿದ್ದೆಯೂ ಕೆಡುತ್ತದೆ.

ಆದುದರಿಂದ ಮೊದಲ ಮದ್ದು, ಕಡಿಮೆ ಉರಿಸುವುದು. ಸೆಕೆಂಡಿಗೆ 60 ಚಿತ್ರಗಳನ್ನಷ್ಟೇ ತೋರಿಸಬಲ್ಲ ಪರದೆಯ ಮುಂದೆ ಕುಳಿತು ಯಂತ್ರದಿಂದ 150 ಚಿತ್ರಗಳನ್ನು ಬರೆಯಿಸುವುದು, ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದಂತೆ. ಆಟದ ಸೆಟ್ಟಿಂಗಿನಲ್ಲಿಯೇ 60ಕ್ಕೆ ಕಡಿವಾಣ ಹಾಕಬಹುದು. ಅದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ. ಎರಡನೆಯದು ವೋಲ್ಟೇಜು. ಚಿಪ್ಪಿನ ದುಡಿಮೆಯಲ್ಲಿ ಹುಟ್ಟುವ ಬಿಸಿಯು ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ, ವೇಗವನ್ನು ಹಾಗೆಯೇ ಇಟ್ಟು ವೋಲ್ಟೇಜನ್ನು ಶೇಕಡಾ 10 ಇಳಿಸಿದರೆ ಆ ಬಿಸಿ ಶೇಕಡಾ 19ರಷ್ಟು ಇಳಿಯುತ್ತದೆ. ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ, ಆಟ ನಿಂತುಹೋದಲ್ಲಿ ಒಂದು ಹೆಜ್ಜೆ ಹಿಂದಕ್ಕೆ ಬಂದರಾಯಿತು. ಮೂರನೆಯದು, ಕೊಳ್ಳುವಾಗಲೇ ವ್ಯಾಟನ್ನು ನೋಡುವುದು. 2021ರ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡು 170 ವ್ಯಾಟಿನದು. 2023ರ 4060 ಅದಕ್ಕಿಂತ ಚುರುಕು, ಆದರೂ 115 ವ್ಯಾಟಿನದು. ಇದಕ್ಕೆದುರಾಗಿ 2022ರ 4090 ಒಂದಕ್ಕೇ 450 ವ್ಯಾಟ್! ರಾಯಚೂರಿನ ಬೇಸಿಗೆಗೆ ಇವುಗಳಲ್ಲಿ ಯಾವುದು ತಕ್ಕದ್ದೆಂದು ಬೇರೆ ಹೇಳಬೇಕೆ?

ಎರಡನೆಯ ಮದ್ದು, ಗಾಳಿಗೆ ದಾರಿ ಬಿಡುವುದು. ನಮ್ಮ ಹಿರಿಯರು ಮಾಳಿಗೆಯ ಮನೆ ಕಟ್ಟುವಾಗ ಮೇಲೆ ಬೆಳಕಿಂಡಿ ಬಿಡುತ್ತಿದ್ದರು. ಬೆಳಕು ಒಳಗೆ ಬರುತ್ತಿತ್ತು, ಬಿಸಿಗಾಳಿಯೂ ಹೊಗೆಯೂ ಮೇಲೇರಿ ಹೊರಗೆ ಹೋಗುತ್ತಿದ್ದವು. ಕಂಪ್ಯೂಟರಿನ ಕ್ಯಾಬಿನೆಟ್ಟಿಗೂ ಇದೇ ನ್ಯಾಯ. ಮುಂದಿನಿಂದ ತಂಪು ಗಾಳಿ ಒಳಗೆ ಬರಬೇಕು. ಹಿಂದಿನಿಂದ, ಮೇಲಿನಿಂದ ಬಿಸಿಗಾಳಿ ಹೊರಗೆ ಹೋಗಬೇಕು. ಇಂದು ಅಂಗಡಿಗಳಲ್ಲಿ ಮುಂಭಾಗಕ್ಕೆ ಇಡೀ ಗಾಜು ಹೊದಿಸಿ, ಒಳಗೆ ಬಣ್ಣದ ದೀಪ ಹಚ್ಚಿದ ಕ್ಯಾಬಿನೆಟ್ಟುಗಳು ಕಣ್ಣು ಕೋರೈಸುತ್ತವೆ. ಅವುಗಳಲ್ಲಿ ಎಷ್ಟೋ ಕ್ಯಾಬಿನೆಟ್ಟುಗಳಿಗೆ ಉಸಿರಾಡಲು ಜಾಗವಿಲ್ಲ. ಮುಂದೆ ಜಾಲರಿಯಿರುವ ಸಾದಾ ಕ್ಯಾಬಿನೆಟ್ಟೇ ಮೇಲು. ಅದನ್ನು ಗೋಡೆಗೆ ಒತ್ತಿ ಇಡಬಾರದು. ಧೂಳಿನ ನೆಲದಿಂದ ಒಂದಿಷ್ಟು ಎತ್ತರದಲ್ಲಿಡಬೇಕು.

ಧೂಳೆಂದೊಡನೆ ನಮ್ಮ ನಾಡಿನ ಇನ್ನೊಂದು ಗುಣ ನೆನಪಾಗುತ್ತದೆ. ರಾಯಚೂರು ಹತ್ತಿಯ ಪೇಟೆ. ಸುಗ್ಗಿಯಲ್ಲಿ ಹತ್ತಿಯ ಎಳೆ ಬಟ್ಟೆಗಂಟಿ ಮನೆಯೊಳಕ್ಕೂ ಬರುತ್ತದೆ, ಯಂತ್ರದೊಳಕ್ಕೂ ಹೋಗುತ್ತದೆ. ಹೀಟ್‌ಸಿಂಕಿನ ತೆಳುವಾದ ರೆಕ್ಕೆಗಳ ನಡುವೆ ಅದು ಕಂಬಳಿಯಂತೆ ಕೂತರೆ ಎಂತಹ ಫ್ಯಾನೂ ನಿರುಪಯೋಗಿ. ಗಾಳಿಯನ್ನು ಹೊರದೂಡುವ ಫ್ಯಾನುಗಳಿಗಿಂತ ಒಳತರುವ ಫ್ಯಾನುಗಳ ಬಲವನ್ನು ತುಸು ಹೆಚ್ಚಾಗಿಟ್ಟು, ಅವುಗಳಿಗೆ ಜಾಲರಿ ಕಟ್ಟಿದರೆ, ಗಾಳಿ ಬಹುಮಟ್ಟಿಗೆ ಸೋಸಿಕೊಂಡೇ ಒಳಗೆ ಬರುತ್ತದೆ. ಸಂದುಗೊಂದುಗಳಿಂದ ಧೂಳು ನುಗ್ಗುವುದು ಕಡಿಮೆಯಾಗುತ್ತದೆ.

ಇನ್ನು ಸದ್ದಿನ ಮಾತು. ಸಣ್ಣ ಫ್ಯಾನು ವೇಗವಾಗಿ ತಿರುಗಿ ಕಿರಿಚುತ್ತದೆ. ದೊಡ್ಡ ಫ್ಯಾನು ನಿಧಾನವಾಗಿ ತಿರುಗಿ ಅಷ್ಟೇ ಗಾಳಿ ಕೊಡುತ್ತದೆ. ಇದರ ಲೆಕ್ಕ ಸ್ವಾರಸ್ಯವಾಗಿದೆ. ಒಂದು ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಗಾಳಿಯೂ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. ಅದೇ ವೇಗದ ಇನ್ನೊಂದು ಫ್ಯಾನನ್ನು ಮಗ್ಗುಲಲ್ಲಿ ಸೇರಿಸಿದರೆ ಗಾಳಿ ಹೆಚ್ಚುಕಡಿಮೆ ಮೊದಲಿನಷ್ಟೇ ಆಗುತ್ತದೆ, ಸದ್ದು ಏರುವುದು ಬರಿಯ 3 ಡೆಸಿಬಲ್. ಹತ್ತು ಡೆಸಿಬಲ್ ಇಳಿದರೆ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ. ಅಂದಮೇಲೆ, ಓಡುವ ಒಂದು ಫ್ಯಾನಿಗಿಂತ ನಡೆಯುವ ಎರಡು ಫ್ಯಾನು ಲೇಸು. ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟು ಕೆಲವು ವರ್ಷಗಳಲ್ಲಿ ಒಣಗಬಹುದು. ಆಗ ಹಳೆಯದನ್ನು ಒರೆಸಿ ತೊಗರಿಕಾಳಿನಷ್ಟು ಹೊಸದನ್ನು ಹಾಕಿದರೆ, ಫ್ಯಾನಿನ ಮೇಲಿನ ಹೊರೆ ಇಳಿಯುತ್ತದೆ.

"ಹೆಡ್‌ಫೋನು ಹಾಕಿಕೊಂಡರೆ ಸದ್ದೇ ಕೇಳಿಸದಲ್ಲ!" ಎಂದು ಕೆಲವು ಗೆಳೆಯರೆನ್ನುತ್ತಾರೆ. ಅದು ಆಡುವವರ ಕಿವಿಯನ್ನು ಮುಚ್ಚುತ್ತದೆ, ಮಲಗಿದವರ ಕಿವಿಯನ್ನಲ್ಲ. "ಎ.ಸಿ. ಹಾಕಿಸಿದರೆ ಎಲ್ಲ ಸರಿ" ಎನ್ನುವವರೂ ಉಂಟು. ಹಾಕಿಸಬಲ್ಲವರು ಹಾಕಿಸಲಿ, ಆದರೆ ಯಂತ್ರ ಎಬ್ಬಿಸಿದ ಪ್ರತಿ ವ್ಯಾಟಿನ ಬಿಸಿಯನ್ನೂ ಆ ಎ.ಸಿ. ಮತ್ತೆ ಕರೆಂಟು ತಿಂದೇ ಹೊರಗೆ ಎತ್ತಿಹಾಕಬೇಕು. ಮೊದಲು ಬೆಂಕಿ ಹಚ್ಚಿ ಆಮೇಲೆ ನೀರಿಗೆ ದುಡ್ಡು ಕೊಡುವ ವ್ಯಾಪಾರವದು. ನಮ್ಮ ಬೇಸಿಗೆ ಒಣ ಬೇಸಿಗೆಯಾದ್ದರಿಂದ, ಮಣ್ಣಿನ ಗಡಿಗೆಯ ನೀರನ್ನು ತಣಿಸುವ ನಿಯಮದ ಮೇಲೆಯೇ ನಡೆಯುವ ನೀರಿನ ಕೂಲರು ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಕಿಟಕಿ ತೆರೆದಿಟ್ಟು, ಅದರ ತೇವದ ಗಾಳಿ ನೇರವಾಗಿ ಯಂತ್ರಕ್ಕೆ ಬಡಿಯದಂತೆ ನೋಡಿಕೊಂಡರೆ, ಖೋಲಿ ತಣಿದಷ್ಟು ಡಿಗ್ರಿ ಯಂತ್ರವೂ ತಣಿಯುತ್ತದೆ. ಒಂದೇ ಖರ್ಚಿನಲ್ಲಿ ಮಲಗಿದವರಿಗೂ ತಂಪು.

ಕೊನೆಗೆ ನನ್ನ ಸಹಪಾಠಿಗಳಲ್ಲಿ ಒಂದು ವಿನಂತಿ. ಮಹಾನವಮಿಗೆ ನಾವು ಎತ್ತಿನ ಗಾಡಿಯಿಂದ ಮೋಟರ್ ಸೈಕಲ್ಲಿನವರೆಗೆ ಎಲ್ಲವನ್ನೂ ತೊಳೆದು ಪೂಜಿಸುತ್ತೇವೆ. ಕಂಪ್ಯೂಟರಿಗೆ ಮಾತ್ರ ಮೇಲೊಂದು ಹೂವಿಟ್ಟು ಕುಂಕುಮ ಹಚ್ಚಿ ಕೈಮುಗಿಯುತ್ತೇವೆ. ಒಳಗಿನ ಧೂಳು ಒಳಗೇ ಉಳಿಯುತ್ತದೆ. ಇನ್ನು ಮೇಲೆ ಆಯುಧಪೂಜೆಯ ದಿನ ಕ್ಯಾಬಿನೆಟ್ಟಿನ ಬಾಗಿಲನ್ನು ತೆಗೆಯೋಣ. ಕರೆಂಟಿನ ತಂತಿ ಕಿತ್ತು, ಯಂತ್ರವನ್ನು ಅಂಗಳಕ್ಕೆ ತಂದು, ಮೂಗಿಗೆ ಬಟ್ಟೆ ಕಟ್ಟಿ, ಫ್ಯಾನಿನ ಎಲೆಗಳನ್ನು ಬೆರಳಿನಿಂದ ತಡೆದು ಹಿಡಿದು ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದರಾಯಿತು. ಪವರ್ ಸಪ್ಲೈಯ ಪೆಟ್ಟಿಗೆಯನ್ನು ಮಾತ್ರ ಬಿಚ್ಚಕೂಡದು. ತಂತಿ ಕಿತ್ತ ಮೇಲೂ ಅದರೊಳಗೆ ವಿದ್ಯುತ್ತು ಉಳಿದಿರಬಹುದು. ಹತ್ತಿಯ ಸುಗ್ಗಿ ಮುಗಿದು ಬೇಸಿಗೆ ಏರುವ ಹೊತ್ತಿಗೆ ಬರುವ ಯುಗಾದಿಗೆ ಇದನ್ನೇ ಇನ್ನೊಮ್ಮೆ ಮಾಡೋಣ. ಬಲ್ಲವರು ನೆರೆಮನೆಯವರ ಯಂತ್ರವನ್ನೂ ಒಂದು ಕೈ ನೋಡಿಕೊಡಲಿ. ವರ್ಷಕ್ಕೆ ಎರಡು ದಿನ, ಒಂದು ಬ್ರಷ್ಷು, ಆಟಕ್ಕೊಂದು ಕಡಿವಾಣ. ಬಡವರ ಮನೆಯ ಮಕ್ಕಳೂ ಸಂಕೋಚವಿಲ್ಲದೆ ಆಡಲು, ಆ ಮನೆಯ ಹಿರಿಯರು ನೆಮ್ಮದಿಯಿಂದ ನಿದ್ರಿಸಲು ಇಷ್ಟು ಸಾಕೆಂದು ನಾನು ನಂಬಿದ್ದೇನೆ.