ಕಂಪ್ಯೂಟರು ಬರಲಿ, ಮೊದಲು ತಕ್ಕಡಿ ಕಾಣಲಿ

ಕಬ್ಬು ಅರೆಯುವ ಹಂಗಾಮಿನಲ್ಲಿ ಮದ್ದೂರಿನಿಂದ ಮಳವಳ್ಳಿ ಬಸ್ಸು ಹತ್ತಿದವರಿಗೆ ಕೆ.ಎಂ. ದೊಡ್ಡಿ ಬಂತೆಂದು ಯಾರೂ ಕೂಗಿ ಹೇಳಬೇಕಾಗಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳೇ ಹೇಳುತ್ತವೆ. ಬಸ್ಸಿನವರಿಗೆ ಹೊತ್ತು ಹೋಯಿತೆಂಬ ಸಂಕಟ. ಟ್ರೇಲರಿನಲ್ಲಿ ಒಣಗುವ ಕಬ್ಬಿನ ಒಡೆಯನಿಗೆ ತೂಕ ಹೋಯಿತೆಂಬ ಸಂಕಟ.

ಸಕ್ಕರೆ ಕಾರ್ಖಾನೆಗಳಲ್ಲಿ ಈಗ ಆಟೊಮೇಷನ್ ಮಾತು. ಹಿಂದೆಲ್ಲ ಪ್ಯಾನ್ ಮುಂದೆ ನಿಂತ ನುರಿತ ಕೆಲಸಗಾರ ಗಾಜಿನ ಮೇಲೆ ಪಾಕ ಸವರಿ, ಹರಳು ನೋಡಿ ಹದ ಹೇಳುತ್ತಿದ್ದ. ಅದನ್ನೀಗ ಮೀಟರು ಹೇಳುತ್ತದೆ. ಹೇಳಲಿ, ಬೇಡ ಅಂದೋರ್ಯಾರು? 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ನೆಲ ಇದು. ಯಂತ್ರಕ್ಕೆ ಬೆದರುವ ಜನ ಅಲ್ಲ. ಆ ಹಳೇ ಕೆಲಸಗಾರನನ್ನು ಮನೆಗೆ ಕಳಿಸುವ ಬದಲು ಮೀಟರಿನ ಮುಂದೆ ಕೂರಿಸಿ ಕಲಿಸಿದರೆ ಸಾಕು. ಮೀಟರು ಕೆಟ್ಟ ರಾತ್ರಿ ಅವನೇ ಬೇಕಾಗುತ್ತಾನೆ.

ಆದರೆ ಆಟೊಮೇಷನ್ ಶುರುವಾಗಬೇಕಾದ್ದು ಒಳಗಲ್ಲ, ಗೇಟಿನಲ್ಲಿ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ದರ ಕ್ವಿಂಟಲ್ ಕಬ್ಬಿಗೆ 355 ರೂಪಾಯಿ, ಅದೂ ಸಕ್ಕರೆ ಇಳುವರಿ ಶೇ. 10.25 ಇದ್ದರೆ. ಇಳುವರಿ 0.1 ಏರಿದರೆ 3.46 ರೂಪಾಯಿ ಜಾಸ್ತಿ. ಅಲ್ಲಿಗೆ ರೈತನ ಬದುಕು ನಿಂತಿರೋದು ಎರಡು ಅಂಕಿ ಮೇಲೆ: ವೇಬ್ರಿಡ್ಜಿನದು, ಲ್ಯಾಬಿನದು. ಬಾಯ್ಲರಿನ ಬಿಸಿ ಸಾಹೇಬರ ಪರದೆಯಲ್ಲಿ ಕ್ಷಣಕ್ಷಣಕ್ಕೂ ಕಾಣುವುದಾದರೆ, ತೂಕ ಟ್ರ್ಯಾಕ್ಟರ್ ಮೇಲೆ ಕೂತವನಿಗೆ ಯಾಕೆ ಕಾಣಬಾರದು ಸ್ವಾಮಿ? ಗಾಡಿ ವೇಬ್ರಿಡ್ಜ್ ಇಳಿಯೋದರೊಳಗೆ ಅವನ ಮೊಬೈಲಿಗೆ ಬರಲಿ. ಲ್ಯಾಬಿನ ಅಂಕಿಯೂ ದಿನಾ ಗೇಟಿನ ಬೋರ್ಡಿನಲ್ಲಿ ಬೀಳಲಿ. ಒಂದು ಕ್ವಿಂಟಲ್ ಜಾರಿದರೆ ಜಾರಿದ್ದು 355 ರೂಪಾಯಿ. ಕಾಲು ಕೆ.ಜಿ. ಬೇಳೆ ತೂಗುವ ಅಂಗಡಿಯವನೂ ತಕ್ಕಡಿಯ ಅಂಕಿಯನ್ನು ಗಿರಾಕಿ ಕಡೆಗೇ ತಿರುಗಿಸಿರುತ್ತಾನೆ.

ಅಂಗಡಿಯವರಿಗೂ ಇದರಲ್ಲಿ ಪಾಲುಂಟು. 1933ರಲ್ಲಿ ಹುಟ್ಟಿದ ಮಂಡ್ಯದ ಮೈಶುಗರ್ ಕೆಲವು ವರ್ಷ ನಿಂತು, 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. ಕಬ್ಬಿನ ದುಡ್ಡು ತಡವಾದರೆ ಉದ್ರಿ ಪುಸ್ತಕ ದಪ್ಪವಾಗುತ್ತದೆ ಅನ್ನೋದನ್ನು ಪೇಟೆಗೆ ಬಿಡಿಸಿ ಹೇಳಬೇಕಾಗಿಲ್ಲ.

1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಸಿಗಬೇಕು, ತಪ್ಪಿದರೆ ಶೇ. 15 ಬಡ್ಡಿ. ಹದಿನೈದನೇ ದಿನ ಬೆಳಗ್ಗೆ ಯಾರೂ ಕೇಳದೆ ತಾನಾಗೇ ಬಡ್ಡಿ ಕೂಡಿಸೋದು ಕಂಪ್ಯೂಟರಿಗೆ ಎಷ್ಟರ ಕೆಲಸ? ಆ ಆಟೊಮೇಷನ್ನಿಗೆ ಟೆಂಡರು ಯಾವಾಗ?