ಬೀಗದ ಕೈ ಅಂಗಡಿಯಲ್ಲಿ ಯಾಕೆ?

ಪತ್ತಾಯದ ಬೀಗದ ಕೈಯನ್ನು ನಾವು ಸ್ವಂತ ಅಳಿಯನಿಗೂ ಕೊಡುವವರಲ್ಲ. ಆದರೆ ಪಿಂಚಣಿಯ, ಭೂತೆರಿಗೆಯ, ಮಕ್ಕಳ ವಿದ್ಯಾರ್ಥಿವೇತನದ ಪಾಸ್‌ವರ್ಡುಗಳು ಎಲ್ಲಿವೆ? ಪೇಟೆಯಲ್ಲಿ ಅರ್ಜಿ ತುಂಬಿಸುವ ಅಂಗಡಿಯ ನೋಟುಪುಸ್ತಕದಲ್ಲಿ!

"ಅವ ನಮ್ಮವನೇ ಮಾರಾಯ್ರೇ, ಎಂತ ಮಾಡ್ತಾನೆ?" ಎನ್ನುತ್ತಾರೆ. ಅವನು ಒಳ್ಳೆಯವನೇ ಇರಲಿ. ಮಲಯಾಳದ, ಇಂಗ್ಲಿಷಿನ ಅರ್ಜಿಯ ಎದುರು ಕಾಸರಗೋಡಿನ ಕನ್ನಡಿಗನಿಗೆ ಅವನ ಸಹಾಯ ಬೇಕೇ ಬೇಕು. ಅರ್ಜಿ ತುಂಬಿಸಲಿ, ಕೂಲಿ ತೆಗೆದುಕೊಳ್ಳಲಿ. ನಾಳೆ ಅಂಗಡಿ ಕೈ ಬದಲಾದರೆ ಆ ಪುಸ್ತಕ ಯಾರ ಪಾಲು? ಕೆಲಸದ ಹುಡುಗ ಪುಟಗಳ ಫೋಟೋ ತೆಗೆದುಕೊಂಡು ಹೋದರೆ? ಸಾಲದ್ದಕ್ಕೆ ಎಲ್ಲ ಖಾತೆಗೂ ಒಂದೇ ಪಾಸ್‌ವರ್ಡ್, ನಮ್ಮ ಹೆಸರು ಮತ್ತು ಹುಟ್ಟಿದ ಇಸವಿ. ಓದಿದವರೂ ಕಡಿಮೆಯೇನಲ್ಲ. ಸಂಬಳದ ಸ್ಪಾರ್ಕ್ ಖಾತೆಯ ಪಾಸ್‌ವರ್ಡನ್ನು ಡೈರಿಯಲ್ಲಿ ಬರೆದು ಮೇಜಿನ ಮೇಲೆ ಬಿಟ್ಟುಹೋಗುವ ಮಾಸ್ಟ್ರು ಮಕ್ಕಳಿಗೆ ಸೈಬರ್ ಸುರಕ್ಷೆಯ ಪಾಠ ಮಾಡುತ್ತಾರೆ.

ಇದನ್ನೆಲ್ಲ ಮನೆಯಲ್ಲೇ ಇಟ್ಟುಕೊಳ್ಳಲು ದಾರಿ ಉಂಟು. ಮೂಲೆಗೆ ಬಿದ್ದಿರುವ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಅದರ ಮೇಲೆ ವಾಲ್ಟ್‌ವಾರ್ಡನ್ ಎಂಬ ತಂತ್ರಾಂಶ ಕೂರಿಸಿದರೆ ಅದು ಮನೆಮಂದಿಯ ಪಾಸ್‌ವರ್ಡ್ ಪೆಟ್ಟಿಗೆಯಾಗುತ್ತದೆ. ದುಡ್ಡು ಕೊಡಬೇಕಾಗಿಲ್ಲ. ಫೋನಿನಲ್ಲಿ ಬಿಟ್‌ವಾರ್ಡನ್ ಆ್ಯಪ್ ಇದ್ದರಾಯಿತು. ಒಂದು ಮುಖ್ಯ ಪಾಸ್‌ವರ್ಡ್ ನೆನಪಿಟ್ಟುಕೊಳ್ಳಬೇಕು, ಉಳಿದದ್ದನ್ನು ಅದೇ ಹುಟ್ಟಿಸಿ ಗೂಢಲಿಪಿಯಲ್ಲಿ ಕಾಯುತ್ತದೆ. ಸರ್ಟಿಫಿಕೇಟ್ ಕೂರಿಸುವಲ್ಲಿ ಸ್ವಲ್ಪ ತಲೆನೋವು ಉಂಟು, ನಿಜ. ಆದರೆ ಕೇರಳದ ಶಾಲೆಗಳಲ್ಲಿ ಕಲಿತ ನಮ್ಮ ಮಕ್ಕಳಿಗೆ ಲಿನಕ್ಸ್ ಹೊಸತಲ್ಲ. ಅವರ ಪಾಠವೇ ಅದರ ಮೇಲೆ. ಲಿಟಲ್ ಕೈಟ್ಸ್ ಮಕ್ಕಳನ್ನು ಬರೀ ವೀಡಿಯೋ ತೆಗೆಯಲು ನಿಲ್ಲಿಸುವ ಶಿಕ್ಷಕರು ಈ ಕೆಲಸಕ್ಕೂ ಒಂದು ಭಾನುವಾರ ಹಚ್ಚಲಿ.

ದೊಡ್ಡ ಕಂಪೆನಿಯ ಕ್ಲೌಡ್ ಇರುವಾಗ ಇದೆಲ್ಲ ಯಾಕೆ ಎಂದು ಕೇಳುವವರು ಲಾಸ್ಟ್‌ಪಾಸ್‌ನ ಕಥೆ ನೋಡಲಿ. 2022ರಲ್ಲಿ ಕಳ್ಳರು ಅದರ ಗ್ರಾಹಕರ ಪೆಟ್ಟಿಗೆಗಳ ಪ್ರತಿಯನ್ನೇ ಹೊತ್ತೊಯ್ದರು. ಪಾಸ್‌ವರ್ಡುಗಳು ಗೂಢಲಿಪಿಯಲ್ಲಿದ್ದವು, ಆದರೆ ಯಾವ ಯಾವ ಜಾಲತಾಣದ್ದು ಎಂಬ ವಿಳಾಸ ಬಯಲಾಗಿಯೇ ಇತ್ತು. ಮುಖ್ಯ ಪಾಸ್‌ವರ್ಡ್ ದುರ್ಬಲವಾಗಿದ್ದವರಿಗೆ ಅಪಾಯ. ಆ ಮಾತು ಮನೆಯ ಪೆಟ್ಟಿಗೆಗೂ ಸಲ್ಲುತ್ತದೆ. ಆದರೆ ಲಕ್ಷಾಂತರ ಜನರದ್ದು ಒಂದೇ ಕಡೆ ರಾಶಿ ಬಿದ್ದಿರುವಲ್ಲಿಗೆ ಕಳ್ಳ ಮೊದಲು ಹೋಗುತ್ತಾನೆ. ಗಲ್ಫಿನಲ್ಲಿರುವ ಮಗನಿಗೂ ಸಿಗಲಿ ಎಂದು ನಮ್ಮದನ್ನು ಇಂಟರ್ನೆಟ್ಟಿಗೆ ತೆರೆದಿಡುವುದು ಬೇಡ. ಮನೆಯ ವೈಫೈ ಒಳಗೇ ಇರಲಿ.

ಕರೆಂಟು ಹೋದರೆ? ಫೋನಿನಲ್ಲಿ ಒಂದು ಪ್ರತಿ ಇರುತ್ತದೆ, ಓದಬಹುದು. ತುಲಾ ತಿಂಗಳ ಸಿಡಿಲಿಗೆ ನಾನೂ ಹೆದರುತ್ತೇನೆ. ಗುಡುಗು ಕೇಳಿದೊಡನೆ ಪ್ಲಗ್ ಕೀಳಬೇಕು, ಎರಡು ಪೆನ್‌ಡ್ರೈವಿನಲ್ಲಿ ಪ್ರತಿ ತೆಗೆದು ಒಂದನ್ನು ಬೇರೆ ಮನೆಯಲ್ಲಿಡಬೇಕು. ಮುಖ್ಯ ಪಾಸ್‌ವರ್ಡ್ ಮರೆತರೆ ಯಾವ ಕಚೇರಿಗೆ ಅಲೆದರೂ ಸಿಗುವುದಿಲ್ಲ. ಯಜಮಾನ ತೀರಿಕೊಂಡರೆ ಮನೆಯವರಿಗೂ ಅದೇ ಗತಿ. ಆದ್ದರಿಂದ ಅದನ್ನು ಚೀಟಿಯಲ್ಲಿ ಬರೆದು, ಲಕೋಟೆ ಅಂಟಿಸಿ, ಜಾಗದ ರೆಕಾರ್ಡು ಇಡುವ ಪೆಟ್ಟಿಗೆಯಲ್ಲಿಡಿ, ಹೆಂಡತಿಗೆ ಹೇಳಿ.

ಲ್ಯಾಪ್‌ಟಾಪ್ ಇಲ್ಲದವರು ಒಂದು ನೋಟುಪುಸ್ತಕದಲ್ಲಿ ಬರೆದು ಅದೇ ಪೆಟ್ಟಿಗೆಯಲ್ಲಿಟ್ಟರೂ ಸಾಕು, ಅಂಗಡಿಯ ಪುಸ್ತಕಕ್ಕಿಂತ ಎಷ್ಟೋ ವಾಸಿ. ಇನ್ನು ಮುಂದೆ ಅಂಗಡಿಗೆ ಹೋದಾಗ ಪಾಸ್‌ವರ್ಡನ್ನು ಬಾಯಿಬಿಟ್ಟು ಹೇಳಬೇಡಿ, ಕೀಬೋರ್ಡ್ ಕೇಳಿ ನೀವೇ ಒತ್ತಿ. ನೆನಪಿಟ್ಟುಕೊಳ್ಳಲಾ ಎಂದು ಅಲ್ಲಿನ ಕಂಪ್ಯೂಟರ್ ಕೇಳಿದರೆ ಬೇಡ ಎನ್ನಿ. ಆ ಪುಸ್ತಕದಲ್ಲಿ ಈಗಾಗಲೇ ಬರೆದಿಟ್ಟಿರುವ ಪಾಸ್‌ವರ್ಡುಗಳನ್ನೆಲ್ಲ ಈ ವಾರವೇ ಬದಲಾಯಿಸಿ.