ಹೋಗುವ ವೈದ್ಯರೂ ಮರಳುವ ವಾಗ್ದಾನವೂ

ಅಮೆರಿಕದ ಆಸ್ಪತ್ರೆಗಳು ತಮ್ಮ ರೆಸಿಡೆನ್ಸಿ ಎಂಬ ಸ್ನಾತಕೋತ್ತರ ತರಬೇತಿಯ ಸ್ಥಾನಗಳಿಗೆ ಯಾರನ್ನು ಆರಿಸಿಕೊಂಡಿವೆಯೆಂಬುದು ಮಾರ್ಚ್ ತಿಂಗಳ ಮೂರನೆಯ ಶುಕ್ರವಾರದಂದು ಪ್ರಕಟವಾಗುತ್ತಲೇ, ಅಹಮದಾಬಾದಿನ ಬಿ.ಜೆ. ಕಾಲೇಜು, ಬರೋಡಾ ಮೆಡಿಕಲ್ ಕಾಲೇಜು, ಸೂರತ್ತಿನ ಸರ್ಕಾರಿ ವೈದ್ಯಕೀಯ ಕಾಲೇಜು ಇವುಗಳಲ್ಲಿ ಓದಿ ಆಯ್ಕೆಯಾದ ತರುಣ ವೈದ್ಯರ ಮನೆಗಳಲ್ಲಿ ಹರ್ಷದ ಬೆನ್ನಿಗೇ ಚಿಂತೆಯೂ ಪ್ರವೇಶಿಸುವುದು. ಸಾಮಾನ್ಯವಾಗಿ ಜುಲೈ 1ರಂದು ಅವರು ಕೆಲಸಕ್ಕೆ ಹಾಜರಾಗಬೇಕು. ನಡುವೆ ಉಳಿದಿರುವ ಮೂರು ತಿಂಗಳಲ್ಲಿ ವೀಸಾ ಕೈಸೇರಬೇಕು.

ಅದಕ್ಕೆ ಮಾರ್ಗಗಳು ಎರಡು. ಆಸ್ಪತ್ರೆಯೇ ಅರ್ಜಿ ಹಾಕಿ ಪಡೆದುಕೊಡುವ ಎಚ್-1ಬಿ ಒಂದು. 2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರಿನ ಶುಲ್ಕವನ್ನು ಘೋಷಿಸಿದ ಮೇಲೆ ಇದು ಬಹುಮಟ್ಟಿಗೆ ಮುಚ್ಚಿದಂತೆಯೇ ಸರಿ. ಇನ್ನೊಂದು, ಇ.ಸಿ.ಎಫ್.ಎಂ.ಜಿ. ಎಂಬ ಸಂಸ್ಥೆಯ ಪ್ರಾಯೋಜಕತ್ವದಲ್ಲಿ ದೊರೆಯುವ ಜೆ-1. ಗುಜರಾತಿನವರಿಗೆ ಸಂದರ್ಶನ ಮುಂಬಯಿಯ ದೂತಾವಾಸದಲ್ಲಿ. ರಾತ್ರಿ ಅಹಮದಾಬಾದಿನಿಂದ ಹೊರಟು ವಡೋದರಾ, ಸೂರತ್ತುಗಳನ್ನು ಹಾಯ್ದು ಹೋಗುವ ಗುಜರಾತ್ ಮೇಲ್ ರೈಲೇ ಅನೇಕರಿಗೆ ಅಮೆರಿಕಯಾತ್ರೆಯ ಪ್ರಥಮ ಘಟ್ಟ. (ನಾವು ಕನ್ನಡಿಗರು ಇದೇ ಕಾರ್ಯಕ್ಕೆ ಮದರಾಸಿನ ಹಾದಿಯನ್ನು ಸವೆಸಿದವರೇ. 2023ರ ಜೂನಿನಲ್ಲಿ ಬೆಂಗಳೂರಿಗೂ ಅಹಮದಾಬಾದಿಗೂ ಒಂದೇ ಹೇಳಿಕೆಯಲ್ಲಿ ದೂತಾವಾಸದ ಭರವಸೆ ದೊರೆಯಿತು. ಬೆಂಗಳೂರಿನದು 2025ರ ಜನವರಿ 17ರಂದು ಉದ್ಘಾಟನೆಯಾಯಿತಾದರೂ ಅಂದು ಅಲ್ಲಿ ವೀಸಾ ಕೊಡುವ ಏರ್ಪಾಡು ಮಾತ್ರ ಇರಲಿಲ್ಲ.) 2025ರ ಮೇ 27ರಂದು ಅಮೆರಿಕದ ಸರ್ಕಾರ ಹೊಸ ಸಂದರ್ಶನಗಳಿಗೆ ದಿನ ಗೊತ್ತುಮಾಡುವುದನ್ನು ಹಠಾತ್ತನೆ ನಿಲ್ಲಿಸಿ ಜೂನ್ 18ರವರೆಗೂ ಆರಂಭಿಸದೆ ಇದ್ದಾಗ, ಜುಲೈ ಒಂದನೆಯ ತಾರೀಖನ್ನು ಎದುರಿಗಿಟ್ಟುಕೊಂಡು ಕುಳಿತ ವೈದ್ಯರ ಮನಃಸ್ಥಿತಿ ಹೇಗಿದ್ದಿರಬೇಕೆಂಬುದನ್ನು ವಿವರಿಸಬೇಕಾಗಿಲ್ಲ.

ಆದರೆ ಅನ್ಯದೇಶದ ನೀತಿಯನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಒಂದು ಪತ್ರ. ಜೆ-1 ಬೇಡುವ ಪ್ರತಿಯೊಬ್ಬ ವೈದ್ಯನೂ ದೆಹಲಿಯ ಆರೋಗ್ಯ ಮಂತ್ರಾಲಯದಿಂದ ಅವಶ್ಯಕತಾ ಪತ್ರವೊಂದನ್ನು ತರಬೇಕು. ಇಂಥ ಶಾಖೆಯ ತಜ್ಞರು ಭಾರತಕ್ಕೆ ಅವಶ್ಯವಾಗಿದ್ದಾರೆ, ಈ ವೈದ್ಯನು ತರಬೇತಿ ಮುಗಿದೊಡನೆ ಸ್ವದೇಶಕ್ಕೆ ಮರಳಿ ಅದೇ ಶಾಖೆಯಲ್ಲಿ ಸೇವೆ ಸಲ್ಲಿಸುವುದಾಗಿ ನಮಗೆ ಲಿಖಿತ ವಾಗ್ದಾನ ಕೊಟ್ಟಿದ್ದಾನೆ ಎಂದು ಅದರಲ್ಲಿ ನಮ್ಮ ಸರ್ಕಾರವೇ ಪ್ರಮಾಣೀಕರಿಸುತ್ತದೆ. ಇಷ್ಟು ಗಂಭೀರವಾದ ಒಡಂಬಡಿಕೆಯನ್ನು ಎರಡೂ ಪಕ್ಷಗಳು ಕೇವಲ ಕಾಗದದ ಶಾಸ್ತ್ರವಾಗಿ ಮುಗಿಸಿಬಿಡುವುದು ನನಗೆ ಅತ್ಯಂತ ವಿಷಾದಕರವಾಗಿ ತೋರುತ್ತದೆ.

ವೈದ್ಯರು ಅಲ್ಲಿಯೇ ನೆಲೆಸಿಬಿಡುವುದನ್ನು ತಡೆಯುವ ಪ್ರಯತ್ನಗಳೇನೋ ನಡೆದಿವೆ. ತರಬೇತಿ ಮುಗಿಸಿದ ಜೆ-1 ವೈದ್ಯರು ಎರಡು ವರ್ಷ ಸ್ವದೇಶದಲ್ಲಿರಬೇಕೆಂದು ಅಮೆರಿಕದ ಕಾನೂನೇ ವಿಧಿಸಿದೆ. ಮರಳಬೇಕಾಗಿಲ್ಲವೆಂಬ ಪ್ರಮಾಣಪತ್ರವನ್ನು ವೈದ್ಯರಿಗೆ ಕೊಡುವುದನ್ನು ನಮ್ಮ ಸರ್ಕಾರವೂ 2011ರಲ್ಲಿ ನಿಲ್ಲಿಸಿತು. ಆದರೆ ವೈದ್ಯರ ಅಭಾವವಿರುವ ತನ್ನ ಪ್ರಾಂತಗಳಲ್ಲಿ ಮೂರು ವರ್ಷ ದುಡಿಯಲೊಪ್ಪಿದವರಿಗೆ, ಈಗ ರಾಜ್ಯವೊಂದಕ್ಕೆ ವರ್ಷಕ್ಕೆ 30ರಂತೆ, ಆ ಎರಡು ವರ್ಷಗಳ ನಿಬಂಧನೆಯಿಂದ ವಿನಾಯಿತಿ ಕೊಡುವ ಕಾನ್ರಾಡ್ ಯೋಜನೆಯನ್ನು ಅಮೆರಿಕ 1994ರಿಂದಲೇ ನಡೆಸಿಕೊಂಡು ಬಂದಿದೆ. ಅವರ ಹಳ್ಳಿಗೆ ವೈದ್ಯ ಬೇಕು, ಕರೆಯುವ ವ್ಯವಸ್ಥೆಯೂ ಇದೆ. ನಮ್ಮ ಹಳ್ಳಿಗೂ ಬೇಕು, ಕರೆಯುವವರು ಮಾತ್ರ ಇಲ್ಲ.

ಮರಳಿದವರು ಇಲ್ಲದಿಲ್ಲ. ಬಿ.ಜೆ. ಕಾಲೇಜಿನಲ್ಲಿ ಓದಿ, ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನಲ್ಲಿ ತರಬೇತಿ ಹೊಂದಿ, ಕೆನಡಾದಲ್ಲಿ ನೆಲೆಸಿ ಕೀರ್ತಿ ಗಳಿಸಿದ್ದ ಡಾ. ಎಚ್.ಎಲ್. ತ್ರಿವೇದಿಯವರು 1977ರಲ್ಲಿ ಅಹಮದಾಬಾದಿಗೆ ಹಿಂತಿರುಗಿ ಅಲ್ಲಿ ಮೂತ್ರಪಿಂಡ ಚಿಕಿತ್ಸೆಗೆ ಒಂದು ಮಹಾಸಂಸ್ಥೆಯನ್ನೇ ಕಟ್ಟಿದರು. ಅಂಥ ಧೃತಿಯನ್ನು ಎಲ್ಲರಿಂದಲೂ ನಿರೀಕ್ಷಿಸುವುದು ಅನ್ಯಾಯ. ಸಾಮಾನ್ಯ ಮನುಷ್ಯನು ಮರಳಬೇಕಾದರೆ ಅವನಿಗೊಂದು ಹುದ್ದೆ, ಒಂದು ವಾರ್ಡು, ಕೆಲಸಕ್ಕೆ ತಕ್ಕ ಉಪಕರಣಗಳು ಬೇಕು.

ಆದುದರಿಂದ ಆರೋಗ್ಯ ಮಂತ್ರಾಲಯವು ಅವಶ್ಯಕತಾ ಪತ್ರವನ್ನು ಬೇಡಿದ ಹತ್ತು ದಿನಗಳೊಳಗೆ, ಅಲೆದಾಡಿಸದೆ ಕೊಡಲಿ. ಕೊಟ್ಟ ದಿನವೇ ಆ ವೈದ್ಯನ ಹೆಸರು, ಶಾಖೆ, ತರಬೇತಿ ಮುಗಿಯುವ ವರ್ಷ ಇವನ್ನು ಅವನ ರಾಜ್ಯ ಸರ್ಕಾರಕ್ಕೆ ತಿಳಿಸಲಿ. ಮುಗಿಯುವುದಕ್ಕೆ ಒಂದು ವರ್ಷ ಮುಂಚಿತವಾಗಿ ಅವನು ಓದಿದ ಕಾಲೇಜಿನಿಂದಲೇ ನಿರ್ದಿಷ್ಟ ಹುದ್ದೆಯ ಆಹ್ವಾನ ಅವನಿಗೆ ಹೋಗಲಿ. ಅಮೆರಿಕದ ಸ್ನಾತಕೋತ್ತರ ಅರ್ಹತೆಗೆ 2008ರಿಂದಲೇ ಇಲ್ಲಿ ಮಾನ್ಯತೆ ಇರುವುದರಿಂದ ಅರ್ಹತೆಗೆ ಮಾನ್ಯತೆಯಿಲ್ಲವೆಂಬ ನೆಪವನ್ನೂ ಮುಂದೊಡ್ಡುವಂತಿಲ್ಲ. ಗುಜರಾತ್ ಈ ಆಹ್ವಾನದ ಪದ್ಧತಿಯನ್ನು ಆರಂಭಿಸಲಿ, ಕರ್ನಾಟಕವೂ ಹಿಂದುಳಿಯದಿರಲಿ.